ಕಾರ್ಡಿನಲ್ಲಿ ‘ನಾನು ಸಾಯುವುದಿಲ್ಲ’ ಎಂಬ ವಚನ ಬಂತು, ಭಾವ ತೀರಿಕೊಂಡರು. ಅಕ್ಕನಿಗೆ ಏನು ಹೇಳಲಿ?

ಕೇಶ್ವಾಪುರದ ತಮ್ಮ:
ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು. ನಮ್ಮದು ಅಜ್ಜನ ಕಾಲದಿಂದಲೂ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಒಂದು ವಿಷಯ ಕೇಳಬೇಕಿತ್ತು, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಭಾವನಿಗೆ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ತಾಸು. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಕಾರ್ಡ್, ಅಂದರೆ ಹೊಸ ವರ್ಷಕ್ಕೆ ಅಂತ ಬೈಬಲ್ ವಚನ ಅಚ್ಚಾದ ಕಾರ್ಡ್ ತೆಗೆಯುತ್ತಾರಲ್ಲ, ಅಕ್ಕ ಭಾವನ ಹೆಸರಿನಲ್ಲಿ ಒಂದು ತೆಗೆದಳು. ಬಂದದ್ದು ಕೀರ್ತನೆ 118:17. ‘ನಾನು ಸಾಯುವುದಿಲ್ಲ’ ಎಂದು ಶುರುವಾಗುವ ವಚನ. ಅವಳ ಮುಖ ನೋಡಬೇಕಿತ್ತು ನೀವು. ಆ ಕಾರ್ಡನ್ನು ಆಸ್ಪತ್ರೆ ಫೈಲಿನ ಪ್ಲಾಸ್ಟಿಕ್ ಕವರಿನಲ್ಲಿ, ರಕ್ತ ಪರೀಕ್ಷೆಯ ಚೀಟಿಗಳ ಮೇಲೆ ಕಾಣುವ ಹಾಗೆ ಇಟ್ಟಳು. ಕೌಂಟರಿನಲ್ಲಿ ಫೈಲು ಕೊಟ್ಟರೆ ಮೊದಲು ಕಾಣುತ್ತಿದ್ದದ್ದು ಅದೇ. ಅವಳು ಸುಮ್ನೆ ಕೂತು ಪ್ರಾರ್ಥನೆ ಮಾಡಿದವಳಲ್ಲ. ಭಾವನಿಗೆ ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರು ಹೇಳಿದ್ದರು, ಬಾಟಲಿಗೆ ಮಾರ್ಕರಿನಿಂದ ಗೆರೆ ಹಾಕಿ ಅಳೆದು ಕೊಡುತ್ತಿದ್ದಳು. ಏಪ್ರಿಲ್ ಬಿಸಿಲಿನಲ್ಲಿ ಅವರು ಒಂದು ಮಂಜುಗಡ್ಡೆ ತುಂಡು ಬಾಯಲ್ಲಿ ಇಟ್ಟುಕೊಂಡು ಸಂಜೆ ಮಾಡುತ್ತಿದ್ದರು. ಅವರು ಕುಡಿಯುವಂತಿಲ್ಲ ಅಂತ ಇವಳೂ ಅವರ ಎದುರಿಗೆ ನೀರು ಕುಡಿಯುತ್ತಿರಲಿಲ್ಲ.

ಮೇ ತಿಂಗಳಲ್ಲಿ ಭಾವ ಹೋದರು. ಮಣ್ಣು ಮಾಡಿ ಬಂದ ಮೇಲೆ ಮನೆಗೆ ಬಂದವರೊಬ್ಬರು, ಅದೂ ದಿನಾ ಬಂದು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದವರು, ‘ಮನೆಯಲ್ಲಿ ಯಾರದೋ ನಂಬಿಕೆ ಸಾಲಲಿಲ್ಲ ತಂಗೀ’ ಅಂದರು. ಅಕ್ಕ ಏನೂ ಮಾತಾಡಲಿಲ್ಲ. ಅವತ್ತಿನಿಂದ ಸಭೆಗೆ ಹೋಗಿಲ್ಲ. ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳುತ್ತಾಳೆ: ‘ಆ ಕಾರ್ಡು ಸುಳ್ಳಾ, ನಾನು ಸುಳ್ಳಾ?’

ನನಗೆ ಉತ್ತರ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇಂಥದ್ದು ಆಗಿದೆಯಾ?

ನಂಬಿಕೆಯ ಮಗಳು, ಹಾವೇರಿ:
ತಮ್ಮಾ, ಓದಿ ಬಹಳ ಸಂಕಟ ಆಯಿತು. ಅಕ್ಕನಿಗಾಗಿ ಪ್ರಾರ್ಥಿಸುತ್ತೇನೆ. ಆದರೆ ಒಂದು ಮಾತು. ದೇವರ ವಾಕ್ಯ ಸುಳ್ಳಾಗುವುದಿಲ್ಲ. ಮಾರ್ಕ 11:24ರಲ್ಲಿ, ಬೇಡಿದ್ದು ಸಿಕ್ಕಿದೆ ಅಂತ ನಂಬಿದರೆ ಸಿಗುತ್ತದೆ ಎಂದು ಯೇಸುವೇ ಹೇಳಿದ್ದಾನೆ. ನಮ್ಮ ಅವ್ವನಿಗೆ ಡಾಕ್ಟರುಗಳು ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟಿದ್ದರು. ನಾವು ಉಪವಾಸ ಪ್ರಾರ್ಥನೆ ಹಿಡಿದೆವು. ಅವ್ವ ಎದ್ದು ಕೂತಳು, ಇವತ್ತಿಗೂ ರೊಟ್ಟಿ ಬಡಿಯುತ್ತಾಳೆ. ಇದನ್ನು ನಾನು ಹೇಳದೆ ಇರಬೇಕಾ? ನಾವೆಲ್ಲ ‘ದೇವರ ಚಿತ್ತ’ ಅಂತ ಹೇಳಿ ಕೈಚೆಲ್ಲಿ ಕೂತರೆ ನಾಳೆ ಯಾರು ತಾನೇ ಧೈರ್ಯವಾಗಿ ಪ್ರಾರ್ಥನೆ ಮಾಡುತ್ತಾರೆ?

ಕೇಶ್ವಾಪುರದ ತಮ್ಮ:
ಅಕ್ಕಾರೆ, ನಿಮ್ಮ ಅವ್ವ ಎದ್ದದ್ದು ಕೇಳಿ ನಿಜವಾಗಿ ಖುಷಿಯಾಯಿತು. ಆದರೆ ನಾವೂ ಹಾಗೇ ನಂಬಿದ್ದೆವು. ಉಪವಾಸ ನಾವೂ ಮಾಡಿದೆವು. ಅಕ್ಕ ಆಯುಧಪೂಜೆ ರಜೆಗೆ ಭಾವನನ್ನು ಕರೆದುಕೊಂಡು ಅಣ್ಣಿಗೇರಿಗೆ ಹೋಗಬೇಕು ಅಂತ ಮೊದಲೇ ಯೋಚನೆ ಮಾಡಿ, ಚೀಲ ಸಹ ತೆಗೆದಿಟ್ಟಿದ್ದಳು. ಅಷ್ಟು ನಂಬಿದ್ದಳು.

ನಿವೃತ್ತ ಸಭಾಪಾಲಕ, ಬೆಟಗೇರಿ:
ತಮ್ಮಾ, ಮೊದಲು ಆ ವಚನದ ಬಗ್ಗೆಯೇ ಮಾತಾಡುತ್ತೇನೆ. ಅಕ್ಕನ ಗಾಯ ಇರುವುದು ಅಲ್ಲೇ.

113ರಿಂದ 118ರವರೆಗಿನ ಕೀರ್ತನೆಗಳನ್ನು ಯೆಹೂದ್ಯರು ಪಸ್ಕ ಹಬ್ಬದ ಊಟದ ಹೊತ್ತಿನಲ್ಲಿ ಹಾಡುತ್ತಾರೆ. ಮೊದಲಿನ ಎರಡು ಊಟಕ್ಕೆ ಮುಂಚೆ, ಉಳಿದವು ಊಟ ಆದ ಮೇಲೆ. ಈಗ ಮತ್ತಾಯ 26:30 ತೆಗೆದು ನೋಡಿ. ಕಡೇ ಭೋಜನ ಆದ ಮೇಲೆ ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟರು ಅಂತಿದೆ. ಅವು ಇದೇ ಕೀರ್ತನೆಗಳು ಎಂದು ಬೈಬಲ್ ಪಂಡಿತರಲ್ಲಿ ಬಹಳ ಜನ ಒಪ್ಪುತ್ತಾರೆ. ಹಾಗಾದರೆ ಯೇಸು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ, ಶಿಷ್ಯರ ಜೊತೆ ಕೂತು, ‘ನಾನು ಸಾಯುವುದಿಲ್ಲ’ ಎಂಬ ಆ ಸಾಲನ್ನೇ ಹಾಡಿದ್ದಾನೆ. ಮರುದಿನ ಮಧ್ಯಾಹ್ನ ಸತ್ತಿದ್ದಾನೆ.

ಅವನ ನಂಬಿಕೆ ಸಾಲಲಿಲ್ಲ ಅನ್ನೋಣವೇ? ಆ ರಾತ್ರಿಯೇ ಗೆತ್ಸೇಮನೆ ತೋಟದಲ್ಲಿ ‘ಈ ಪಾತ್ರೆ ನನ್ನಿಂದ ಹೋಗಲಿ’, ಅಂದರೆ ಈ ಸಂಕಟ ತಪ್ಪಲಿ ಎಂದು ಬೇಡಿಕೊಂಡ. ಹೋಗಲಿಲ್ಲ. ಶಿಲುಬೆಯ ಮೇಲೆ 22ನೇ ಕೀರ್ತನೆಯ ಮೊದಲ ಸಾಲು ಹಿಡಿದು, ಯಾಕೆ ಕೈಬಿಟ್ಟೆ ಎಂದು ಕೂಗಿದ. ದೇವರ ಮಗನೇ ಕೇಳಿದ ಪ್ರಶ್ನೆಯನ್ನು ನಿಮ್ಮ ಅಕ್ಕ ಕೇಳಿದರೆ ತಪ್ಪೇನು? ಆ ವಚನ ಸುಳ್ಳಲ್ಲ, ನಿಮ್ಮ ಅಕ್ಕನೂ ಸುಳ್ಳಲ್ಲ. ವಚನವನ್ನು ಚೀಟಿ ಎತ್ತಿದ ಹಾಗೆ ಎತ್ತಿ, ಇದು ಈ ವರ್ಷ ಇಂಥವರಿಗೆ ದೇವರು ಬರೆದುಕೊಟ್ಟ ಪತ್ರ ಅಂತ ಕಾಯಿಲೆಯವರ ಕೈಗೆ ಕೊಡುತ್ತೇವಲ್ಲ, ಆ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಕೀರ್ತನೆ ಪೂರ್ತಿ ಓದಿ ಕೊಡಲಿ. ಅದರಲ್ಲೇ ಮುಂದಿನ ವಚನದಲ್ಲಿ ‘ಕಠಿಣವಾಗಿ ಶಿಕ್ಷಿಸಿದನು’ ಎಂಬ ಮಾತೂ ಇದೆ, ಅದನ್ನು ಯಾರೂ ಕಾರ್ಡಿನಲ್ಲಿ ಅಚ್ಚು ಹಾಕಿಸುವುದಿಲ್ಲ.

ಯೆರೆಮೀಯ 29:11 ಕೂಡ ಹಾಗೇ. ಅದು ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಪ್ರವಾದಿ ಬರೆದ ಪತ್ರ. ಸಮಾಧಾನದ ಯೋಚನೆ, ನಿರೀಕ್ಷೆ, ಎಲ್ಲ ಸರಿ. ಅದರ ಹಿಂದಿನ ವಚನದಲ್ಲಿ ಬಾಬೆಲಿನಲ್ಲಿ 70 ವರ್ಷ ಇರಬೇಕು ಅಂತಿದೆ. ಆ ಪತ್ರ ಕೈಯಲ್ಲಿ ಹಿಡಿದು ಓದಿದವರಲ್ಲಿ ದೊಡ್ಡವರು ಯಾರೂ ಊರಿಗೆ ವಾಪಸ್ ಬಂದಿರಲಿಕ್ಕಿಲ್ಲ. ಅವರ ಮೊಮ್ಮಕ್ಕಳು ಬಂದರು.

ಸಪ್ತಾಪುರ ಓದು:
ಅಯ್ಯನವರೇ ನೀವು ಬರೆದದ್ದನ್ನು ಎರಡು ಸಲ ಓದಿದೆ. ನನ್ನದು ಸಾವಿನ ವಿಷಯ ಅಲ್ಲ, ಅದರ ಮುಂದೆ ಸಣ್ಣದೇ. ಆದರೂ ಹೇಳಬೇಕು ಅನ್ನಿಸಿತು.

ಧಾರವಾಡದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ಪರೀಕ್ಷೆಗೆ ಓದುವವನು ನಾನು. ಬೆಳಿಗ್ಗೆ ಲೈಬ್ರರಿ ಬಾಗಿಲು ತೆಗೆಯುವ ಮುಂಚೆ ಸರದಿ ನಿಲ್ಲುವ ಹುಡುಗರಲ್ಲಿ ಒಬ್ಬ. ಒಂದು ಪರೀಕ್ಷೆಯಲ್ಲಿ ಆಯ್ಕೆಪಟ್ಟಿಗೆ ಹೆಸರು ಬಂತು. ಅಪ್ಪ ಮೆಣಸಿನಕಾಯಿ ಮಾರಿದ ದುಡ್ಡಲ್ಲಿ ಕೃತಜ್ಞತಾ ಕಾಣಿಕೆ ಕೊಟ್ಟರು. ನಾನು ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದೆ. ದೇವರು ನನ್ನ ಪ್ರಾರ್ಥನೆ ಕೇಳಿದ ಅಂತ. ಸ್ವಲ್ಪ ದಿನಕ್ಕೆ ಅಕ್ರಮದ ಸುದ್ದಿ ಹೊರಬಂತು, ಇಡೀ ಪರೀಕ್ಷೆಯೇ ರದ್ದಾಯಿತು. ನಾನು ಒಂದು ರೂಪಾಯಿ ಕೊಟ್ಟವನಲ್ಲ. ಮರುಪರೀಕ್ಷೆಯಲ್ಲಿ ಹೆಸರು ಬರಲಿಲ್ಲ.

ನನ್ನನ್ನು ಕಾಡುವುದು ಏನು ಗೊತ್ತಾ? ಆ ಸಾಕ್ಷಿ. ಅವತ್ತು ದೇವರು ಕೊಟ್ಟ ಅಂದೆ, ಎಲ್ಲರೂ ಆಮೆನ್ ಅಂದರು. ಆಮೇಲೆ ಏನಾಯಿತು ಅಂತ ಯಾರೂ ವೇದಿಕೆಗೆ ಕರೆದು ಕೇಳಲಿಲ್ಲ. ಸಾಕ್ಷಿಯ ಸಮಯದಲ್ಲಿ ಎದ್ದು ನಿಂತು ‘ನನಗೆ ಸಿಗಲಿಲ್ಲ, ಆದರೂ ಬಂದಿದ್ದೇನೆ’ ಅನ್ನಲಿಕ್ಕೆ ನಮ್ಮಲ್ಲಿ ಜಾಗ ಇದೆಯಾ? ಗೆದ್ದವರ ಮಾತು ಮಾತ್ರ ಕೇಳಿ ಕೇಳಿ, ಸೋತವರು ತಮ್ಮಲ್ಲೇ ಏನೋ ದೋಷ ಇದೆ ಅಂತ ಹಿಂದಿನ ಬೆಂಚಿಗೆ ಹೋಗುತ್ತಾರೆ, ಆಮೇಲೆ ಅಲ್ಲಿಂದಲೂ ಎದ್ದು ಹೋಗುತ್ತಾರೆ.

ರಾಣೆಬೆನ್ನೂರು ರೈತ:
ಜಾಗ ಮಾಡಿಕೊಳ್ಳಬೇಕು ತಮ್ಮಾ, ತಾನಾಗೇ ಸಿಗಲ್ಲ.

2023 ನೆನಪಿದೆಯಲ್ಲ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಣೆ ಮಾಡಿದ ವರ್ಷ. ಗೋವಿನಜೋಳ ಹಾಕಿದ್ದೆ. ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟಿತು. ತೆನೆ ಸುಲಿದರೆ ತುದಿಯಿಂದ ಅರ್ಧದವರೆಗೆ ಕಾಳೇ ಇಲ್ಲ, ಬರೀ ದಂಟು. ಸುಗ್ಗಿ ಹಬ್ಬದ ಆರಾಧನೆ ಬಂತು. ನಿಮಗೆ ಗೊತ್ತಲ್ಲ, ಬೆಳೆದದ್ದನ್ನು ತಂದು ಮುಂದೆ ಇಡುತ್ತೇವೆ, ಆಮೇಲೆ ಹರಾಜು. ಹೆಂಡತಿ ಪೇಟೆಯಿಂದ ಒಂದು ಕುಂಬಳಕಾಯಿ ತಂದು ಇಡೋಣ ಅಂದಳು. ನಾನು ಬೇಡ ಅಂದೆ. ಆ ಅರ್ಧ ತೆನೆಗಳನ್ನೇ ಒಂದು ಬುಟ್ಟಿ ತುಂಬ ತಂದು ಇಟ್ಟೆ. ಸಿಟ್ಟಿನಿಂದಲೇ ಇಟ್ಟೆ, ಯಾಕೆ ಮುಚ್ಚಿಡಲಿ. ನೀನು ಕೊಟ್ಟಿದ್ದು ಇದು, ನೋಡು ಅಂತ.

ನಮ್ಮ ಪಾಸ್ಟರು ಬುಟ್ಟಿ ನೋಡಿದರು. ಓದಬೇಕಾಗಿದ್ದ ಪಾಠ ಬಿಟ್ಟು ಬೈಬಲಿನಲ್ಲಿ ಹಬಕ್ಕೂಕ ಪ್ರವಾದಿಯ ಪುಸ್ತಕದ 3ನೇ ಅಧ್ಯಾಯ ತೆಗೆದರು. ಅಂಜೂರ ಚಿಗುರದಿದ್ದರೂ, ಹೊಲಗಳು ಆಹಾರ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಅಂತ ಒಂದೊಂದೇ ಓದುತ್ತಾ ಹೋದರು. ಮುಂದಿನ ವಚನದ ‘ಉಲ್ಲಾಸಿಸುವೆನು’ ಎಂಬಲ್ಲಿಗೆ ಬಂದಾಗ ನಿಲ್ಲಿಸಿ, ಇದನ್ನು ನಾನು ಇವತ್ತು ನಿಮ್ಮ ಬಾಯಲ್ಲಿ ತುರುಕುವುದಿಲ್ಲ, ಹಬಕ್ಕೂಕನಿಗೂ ಇಲ್ಲಿಗೆ ಬರಲು ಮೂರು ಅಧ್ಯಾಯ ಬೇಕಾಯಿತು ಅಂದರು. ಅವನ ಮೊದಲ ಮಾತೇ ‘ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳುವುದೇ ಇಲ್ಲ’ ಅಂತ. ಆ ತೆನೆ ಬುಟ್ಟಿಯನ್ನು ಹರಾಜಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬೆಲೆಗೆ ಕೂಗಿದರು ಜನ. ಸಾಲ ಏನೂ ತೀರಲಿಲ್ಲ. ಆದರೆ ಆ ದಿನ ಸಭೆ ಬಿಟ್ಟು ಹೋಗಬೇಕು ಅನ್ನಿಸಲಿಲ್ಲ.

ನಂಬಿಕೆಯ ಮಗಳು, ಹಾವೇರಿ:
ಇಷ್ಟೆಲ್ಲ ಓದಿ ನಿನ್ನೆಯಿಂದ ಯೋಚನೆ ಮಾಡುತ್ತಿದ್ದೇನೆ. ಅವ್ವ ಎದ್ದು ಕೂತ ದಿನವೇ ಪಕ್ಕದ ಬೆಡ್ಡಿನ ಹೆಂಗಸು ಹೋದಳು. ಅವಳಿಗೂ ಅದೇ ಜನ ಪ್ರಾರ್ಥನೆ ಮಾಡಿದ್ದರು. ಅವಳ ಮಗಳು ನನ್ನ ವಯಸ್ಸಿನವಳೇ, ಕಾರಿಡಾರಿನಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿದಳು. ನಾನು ಸಾಕ್ಷಿ ಹೇಳುವಾಗ ಇಷ್ಟು ವರ್ಷ ಆ ಹುಡುಗಿಯ ವಿಷಯ ಎಂದೂ ಬಂದಿಲ್ಲ. ಅವ್ವನನ್ನು ದೇವರೇ ಎಬ್ಬಿಸಿದ ಅನ್ನುವುದನ್ನು ನಾನು ಬಿಡುವುದಿಲ್ಲ. ಆದರೆ ಆ ಹುಡುಗಿಗೆ ಏನು ಹೇಳಬೇಕು? ಅಯ್ಯನವರೇ, ಹೇಳಿ.

ನಿವೃತ್ತ ಸಭಾಪಾಲಕ, ಬೆಟಗೇರಿ:
ತಾಯೀ, ಬಿಡಬೇಡಿ. ಗುಣವಾದದ್ದು ದೇವರಿಂದಲೇ ಅನ್ನಿ. ಗುಣವಾಗದವರ ಲೆಕ್ಕವನ್ನು ಮಾತ್ರ ಅವರ ನಂಬಿಕೆಯ ಖಾತೆಗೆ ಹಾಕಬೇಡಿ.

ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ಒಂದನ್ನೇ ಓದಿ. ಶುರುವಿನಲ್ಲೇ ಹೆರೋದ ರಾಜನು ಯೇಸುವಿನ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅದೇ ಅಧ್ಯಾಯದಲ್ಲಿ ಇನ್ನೊಬ್ಬ ಶಿಷ್ಯ ಪೇತ್ರನನ್ನು ದೇವದೂತ ಸೆರೆಮನೆಯಿಂದ ಬಿಡಿಸಿದ. ಒಂದೇ ಊರು, ಒಂದೇ ಸಭೆ. ಪೇತ್ರನ ಬಿಡುಗಡೆಗೆ ಪ್ರಾರ್ಥಿಸುತ್ತಿದ್ದವರು, ಪೇತ್ರ ಬಾಗಿಲಲ್ಲಿ ನಿಂತಿದ್ದಾನೆ ಅಂದರೆ ನಂಬಲೇ ಇಲ್ಲ, ಹೇಳಿದ ಹುಡುಗಿಗೆ ನಿನಗೆ ಹುಚ್ಚು ಅಂದರು. ಅವರ ನಂಬಿಕೆ ಅಷ್ಟೇ ಇತ್ತು, ಆದರೂ ಪೇತ್ರ ಬಂದ. ಯಾಕೋಬನ ಮನೆಯವರು ಆ ರಾತ್ರಿ ಏನು ಅಂದುಕೊಂಡಿರಬೇಡ? ಅದಕ್ಕೆ ಆ ಪುಸ್ತಕ ಬರೆದ ಲೂಕನು ಕಾರಣ ಕೊಡುವುದಿಲ್ಲ. ಲೂಕನೇ ಕೊಡದ ಕಾರಣವನ್ನು ನಾವು ಮಣ್ಣು ಮಾಡಿದ ಮನೆಯಲ್ಲಿ ನಿಂತು ಕೊಡುವುದು ದೊಡ್ಡ ಪಾಪ ಅಂತ ನನ್ನ ಅಭಿಪ್ರಾಯ.

ಅಪೊಸ್ತಲನಾದ ಪೌಲನನ್ನೂ ನೋಡಿ. ಅವನ ಕೈಯಿಂದ ಎಷ್ಟೋ ಜನರಿಗೆ ಗುಣವಾಯಿತು. ತನ್ನ ಶರೀರದ ಮುಳ್ಳು ಹೋಗಲಿ ಎಂದು ಮೂರು ಸಲ ಬೇಡಿದ, ಹೋಗಲಿಲ್ಲ. ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಅಂತ 2 ತಿಮೊಥೆಯ 4:20ರಲ್ಲಿ ಬರೆಯುತ್ತಾನೆ. ತ್ರೊಫಿಮನಿಗೆ ನಂಬಿಕೆ ಇಲ್ಲ ಎಂದು ಒಂದಕ್ಷರ ಬರೆದಿಲ್ಲ.

ಹಳೇ ಕಾಗದ, ಗದಗ:
ಇಲ್ಲಿ ನಮ್ಮ ಊರಿನದೇ ಒಂದು ವಿಷಯ ಸೇರಿಸಬೇಕು, ನಮ್ಮ ಸಭೆಗಳು ಹುಟ್ಟಿದ್ದೇ ಇಂಥ ನಿರಾಸೆಯ ನಡುವೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಆಗ ಈ ಭಾಗದಲ್ಲಿ ಕಾಲಜ್ಞಾನ ನಂಬಿದ್ದ ಕೆಲವು ಪಂಗಡದವರು ಇವರ ಹತ್ತಿರ ಬಂದು, ತಾವು ದೊಡ್ಡ ಸಂಖ್ಯೆಯಲ್ಲಿ ಸೇರುತ್ತೇವೆ ಎನ್ನುವ ಆಸೆ ಹುಟ್ಟಿಸಿದರು. ಬಂದವರಿಗೆ ಬದುಕಲು ನೆಲ ಬೇಕಲ್ಲ ಅಂತ ಗದಗಿನ ಪಕ್ಕದ ಮಲ್ಲಸಮುದ್ರದಲ್ಲಿ ಬೇಸಾಯದ ವಸಾಹತು ಶುರು ಮಾಡಿದರು. ಹೌದು, ಈಗ ಮೆಡಿಕಲ್ ಕಾಲೇಜು ಇರುವ ಅದೇ ಮಲ್ಲಸಮುದ್ರ. ಕಾದರು. ಅಂದುಕೊಂಡ ಜನ ಬರಲಿಲ್ಲ, ಆ ಯೋಜನೆ ನಿಲ್ಲಲಿಲ್ಲ. ದೇವರೇ ಬಾಗಿಲು ತೆಗೆದ ಅಂತ ನಂಬಿ ಬಂದವರು ಅವರು. ಬಹಳ ವರ್ಷದ ಮೇಲೆ, 1876-78ರ ದೊಡ್ಡ ಬರದಲ್ಲಿ ಅನಾಥರಾದ ಮಕ್ಕಳನ್ನು ಸಾಕಿದರು. ಹೀಗೆ ಅವರು ಎಣಿಸಿದ ಹಾಗೆ ಅಲ್ಲದಿದ್ದರೂ ದೇವರು ಸಭೆ ಬೆಳೆಸುವ ತನ್ನ ಯೋಜನೆ ನಡೆಸಿದ ಅಂತ ನನಗೆ ಅನ್ನಿಸುತ್ತದೆ.

ಗದಗದ ತಾಯಿ:
ಅಣ್ಣಾರೆ, ಇತಿಹಾಸ ತಿಳಿಸಿದ್ದಕ್ಕೆ ಧನ್ಯವಾದ. ಆದರೆ ಕಡೇ ಮಾತು ನನಗೆ ತಡೆಯಲಾಗಲಿಲ್ಲ. ಆ ಬರದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಆ ಮಕ್ಕಳ ಅವ್ವಂದಿರು ಹಸಿವಿನಿಂದ ಸತ್ತದ್ದು ಸಭೆ ಬೆಳೆಸಲು ದೇವರು ಹಾಕಿದ ಯೋಜನೆ ಅಂದರೆ ಆ ದೇವರ ಹತ್ತಿರ ನಾನು ಹೋಗಲಾರೆ. ಮಕ್ಕಳನ್ನು ಎತ್ತಿಕೊಂಡ ಕೈಯಲ್ಲಿ ದೇವರಿದ್ದ ಅನ್ನಿ, ನೂರು ಸಲ ಒಪ್ಪುತ್ತೇನೆ.

ನನ್ನ ಮಗಳು ಜ್ವರದಲ್ಲಿ ಹೋದಳು. ಬಂದವರೆಲ್ಲ ‘ದೇವರ ತೋಟಕ್ಕೆ ಹೂ ಬೇಕಿತ್ತು’ ಅಂದರು. ನನ್ನ ಓಣಿಯ ಒಬ್ಬ ಲಿಂಗಾಯತ ಅಜ್ಜಿ ಮಾತ್ರ ಏನೂ ಅನ್ನದೆ, ಜೋಳದ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಬಂದು, ನನ್ನ ಪಕ್ಕ ಕೂತು, ತುತ್ತು ಮಾಡಿ ಬಾಯಿಗೆ ಇಟ್ಟಳು. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಮೊದಲ ಏಳು ದಿನ ಬಾಯಿ ಬಿಡದೆ ನೆಲದ ಮೇಲೆ ಕೂತಿದ್ದರು. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದರು. ಬಾಯಿ ತೆಗೆದು ಕಾರಣ ಹುಡುಕಿದ ಮೇಲೇ ಕೆಟ್ಟರು, ಕಡೆಗೆ ದೇವರೇ ಅವರ ಮೇಲೆ ಸಿಟ್ಟಾದ. ಸಿಟ್ಟಿನಿಂದ ದೇವರನ್ನೇ ಪ್ರಶ್ನೆ ಮಾಡಿದ ಯೋಬನು ಸರಿಯಾಗಿ ಮಾತಾಡಿದ ಅಂದ.

ಕೇಶ್ವಾಪುರದ ತಮ್ಮಾ, ನಿಮ್ಮ ಅಕ್ಕನನ್ನು ಸಭೆಗೆ ಎಳೆದುಕೊಂಡು ಹೋಗಬೇಡ. 88ನೇ ಕೀರ್ತನೆ ಇದೆ, ಅದರ ಕೊನೆಯಲ್ಲಿ ಸಮಾಧಾನದ ಸಾಲು ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ನನಗೆ ಆ ಮೊದಲ ವರ್ಷ ಬಾಯಿಗೆ ಬಂದ ಪ್ರಾರ್ಥನೆ ಅದೊಂದೇ. ಬೇಕಾದರೆ ಅವಳಿಗೆ ಕೊಡು, ಬೇಡ ಅಂದರೆ ಬಿಡು.

ಹಳೇ ಕಾಗದ, ಗದಗ:
ಅಕ್ಕಾರೆ, ನೀವು ಹೇಳಿದ್ದು ಸರಿ. ಎತ್ತಿಕೊಂಡ ಕೈಯಲ್ಲಿ ದೇವರಿದ್ದ, ಅಷ್ಟು ಸಾಕು.

ಕೇಶ್ವಾಪುರದ ತಮ್ಮ:
ಎಲ್ಲರಿಗೂ ದೊಡ್ಡ ಉಪಕಾರ. ಇದೆಲ್ಲವನ್ನೂ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಪಸ್ಕದ ರಾತ್ರಿ ಯೇಸು ಆ ಕೀರ್ತನೆ ಹಾಡಿದ ಅನ್ನುವ ಕಡೆ ನಿಲ್ಲಿಸು ಅಂದಳು. ಇನ್ನೊಂದು ಸಲ ಓದಿಸಿದಳು. ‘ಅವನಿಗೂ ಆ ಕಾರ್ಡೇ ಬಂದಿತ್ತಾ?’ ಅಂದಳು. ನನಗೆ ಗಂಟಲು ಕಟ್ಟಿತು. ಆಮೇಲೆ ಅರ್ಧ ತೆನೆ ಇಟ್ಟವರು ಯಾರು ಅಂತ ಕೇಳಿದಳು. ಸಭೆಗೆ ಬರುತ್ತೇನೆ ಅಂತ ಏನೂ ಅಂದಿಲ್ಲ, ನಾನೂ ಕೇಳಿಲ್ಲ. ನಂಬಿಕೆ ಸಾಲಲಿಲ್ಲ ಅಂದವರ ಮನೆಗೆ ಮಾತ್ರ ಈ ಭಾನುವಾರ ನಾನು ಹೋಗುತ್ತೇನೆ. ಜಗಳಕ್ಕಲ್ಲ. ಆ ಮಾತು ಇನ್ನೊಂದು ಮನೆಯಲ್ಲಿ ಆಡಬೇಡಿ ಅಂತ ಹೇಳಲೇಬೇಕು.

ಲಕ್ಷ್ಮೇಶ್ವರದಿಂದ:
ಹೊಸಬಳು, ಕ್ಷಮಿಸಿ ನಡುವೆ ಬಂದೆ. ಡಯಾಲಿಸಿಸ್ ಅಂತ ನೋಡಿ ಓದಿದೆ. ನಮ್ಮ ದೊಡ್ಡಪ್ಪನಿಗೂ ವಾರಕ್ಕೆ ಎರಡು ಸಲ ಇತ್ತು. ಒಂದು ಪ್ರಾರ್ಥನಾ ಕೂಟದಲ್ಲಿ, ನಿನಗೆ ಗುಣವಾಗಿದೆ, ಇನ್ನು ಸೂಜಿ ಚುಚ್ಚಿಸಿಕೊಂಡರೆ ಅಪನಂಬಿಕೆ ಅಂದರಂತೆ. ಸೋಮವಾರದಿಂದ ಬಿಟ್ಟಿದ್ದಾರೆ. ಚೆನ್ನಾಗಿದ್ದೇನೆ ಅನ್ನುತ್ತಾರೆ, ಆದರೆ ಕಾಲು ಊದಿದೆ, ರಾತ್ರಿ ಮಲಗಲು ಆಗದೆ ಗೋಡೆಗೆ ಒರಗಿ ಕೂರುತ್ತಾರೆ. ಏನು ಮಾಡಲಿ? ನಮ್ಮ ಮಾತು ಕೇಳುತ್ತಿಲ್ಲ.

ನರ್ಸ್ ಅಕ್ಕ, ಧಾರವಾಡ:
ತಂಗೀ, ಇದನ್ನು ನಾಳೆಗೆ ಇಡಬೇಡ. ಮಲಗಿದರೆ ಉಸಿರು ಕಟ್ಟುತ್ತದೆ ಅಂದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಪೊಟ್ಯಾಸಿಯಂ ಏರಿದರೆ ನೋವೇ ಇಲ್ಲದೆ ಹೃದಯ ನಿಲ್ಲಬಹುದು. ಪೂರ್ತಿ ಬಿಟ್ಟವರು ಸಾಮಾನ್ಯವಾಗಿ ಒಂದೆರಡು ವಾರ ಉಳಿಯುವುದೇ ಕಷ್ಟ. ಈಗಲೇ 108ಕ್ಕೆ ಫೋನ್ ಮಾಡು, ಇಲ್ಲವೇ ಗಾಡಿ ಮಾಡಿಕೊಂಡು ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗು. ಕಡೇ ಡಯಾಲಿಸಿಸ್ ಯಾವಾಗ ಆಯಿತು ಅನ್ನುವುದನ್ನು ಮೊದಲ ಮಾತಿಗೇ ಹೇಳು. ಎಳನೀರು, ಬಾಳೆಹಣ್ಣು ಏನೂ ಕೊಡಬೇಡ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗಿರಲಿ, ಅಲ್ಲಿ ಡಯಾಲಿಸಿಸ್ ಉಚಿತ. ದೊಡ್ಡಪ್ಪನಿಗೆ ಹೇಳು: ಪೌಲನ ಜೊತೆಗೇ ಒಬ್ಬ ವೈದ್ಯ ಓಡಾಡುತ್ತಿದ್ದ, ಪ್ರಿಯ ವೈದ್ಯನಾದ ಲೂಕ ಅಂತ ಕೊಲೊಸ್ಸೆ 4:14ರಲ್ಲಿದೆ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ತಿಮೊಥೆಯನಿಗೆ ಹೇಳಿದವನೂ ಪೌಲನೇ. ದೇವರು ಗುಣ ಮಾಡಿದ್ದರೆ ರಕ್ತ ಪರೀಕ್ಷೆಯಲ್ಲೂ ಕಾಣುತ್ತದೆ, ಪರೀಕ್ಷೆ ಮಾಡಿಸಲು ಭಯ ಯಾಕೆ ಅಂತ ಕೇಳು.

ಕೇಶ್ವಾಪುರದ ತಮ್ಮ:
ಲಕ್ಷ್ಮೇಶ್ವರದ ತಂಗೀ, ನಿನ್ನ ನಂಬರ್ ನನಗೆ ಖಾಸಗಿಯಾಗಿ ಕಳಿಸು. ಅಕ್ಕ ಈಗಲೇ ದೊಡ್ಡಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಾಳಂತೆ. ಅವಳೇ ಕೇಳಿದಳು, ನಾನು ಹೇಳಿಸಿದ್ದಲ್ಲ.

ಲಕ್ಷ್ಮೇಶ್ವರದಿಂದ:
ಕಳಿಸಿದ್ದೇನೆ. 108 ಬರುತ್ತಿದೆ.

ಲಕ್ಷ್ಮೇಶ್ವರದಿಂದ:
ಆಸ್ಪತ್ರೆಯಲ್ಲಿದ್ದೇವೆ. ಆಕ್ಸಿಜನ್ ಹಾಕಿದ್ದಾರೆ, ಮಷೀನಿಗೆ ತಗೊಂಡರು. ನಿಮ್ಮ ಅಕ್ಕ ಅರ್ಧ ತಾಸು ಮಾತಾಡಿದರು. ಏನು ಹೇಳಿದರೋ ದೊಡ್ಡಪ್ಪ ನಮಗೆ ಹೇಳುತ್ತಿಲ್ಲ, ಫೋನು ಇಟ್ಟು ‘ಫೈಲು ತಗೊಂಡು ಬಾ’ ಅಂದರು ಅಷ್ಟೇ. ಶುಕ್ರವಾರ ಮತ್ತೆ ಡಯಾಲಿಸಿಸ್ ಇದೆ. ಅವತ್ತು ನಿಮ್ಮ ಅಕ್ಕ ಬರುತ್ತೇನೆ ಅಂದಿದ್ದಾರೆ, ಹುಬ್ಬಳ್ಳಿಯಿಂದ ಬೆಳಿಗ್ಗೆ ಯಾವ ಬಸ್ಸು ಅನುಕೂಲ ಅಂತ ಕೇಳಿ ಹೇಳಿ.